ಎರಡಕ್ಷರದ ಹಚ್ಚೆ

ಕಳೆದ ವರ್ಷ ಒಂದು ಮಧ್ಯಾಹ್ನ ಗೂಡಲೂರಿನ ನನ್ನ ರಿಪೇರಿ ಅಂಗಡಿಯ ಮೇಜಿನ ಮೇಲೆ ಮೂರು ಹಚ್ಚೆ ಯಂತ್ರಗಳು ಬಂದು ಕುಳಿತವು. ತಂದವಳು ನನ್ನ ತಂಗಿಯ ಮಗಳು. ಉದಕಮಂಡಲದಲ್ಲಿ ಎರಡು ವರ್ಷ ಈ ಕೆಲಸ ಕಲಿತು, ಈಗ ಊರಿನಲ್ಲೇ ಸ್ವಂತ ಅಂಗಡಿ ಇಡಬೇಕೆಂದಿದ್ದಾಳೆ. ಪರಿಚಯದವರಿಂದ ನಾಲ್ಕು ದಿನದ ಮಟ್ಟಿಗೆ ಮೂರನ್ನೂ ಕೇಳಿ ತಂದಿದ್ದಳು.

"ಮಾವ, ಮೋಟಾರಿನ ವಿಷಯ ನಿಮಗೆ ಗೊತ್ತಲ್ಲ. ಯಾವುದನ್ನು ತಗೊಳ್ಳಲಿ, ನೋಡಿ ಹೇಳಿ" ಎಂದಳು.

ನಾನು ಕೂಡಲೇ ಉತ್ತರ ಕೊಡಲಿಲ್ಲ. ಹಚ್ಚೆಯ ಮೋಟಾರಿನ ವಿಷಯ ನನಗೆ ಗೊತ್ತಿದೆ ಎಂದು ಹಿಂದೊಮ್ಮೆಯೂ ತಿಳಿದುಕೊಂಡಿದ್ದೆ. ಅದರ ಫಲ ಅವಳ ತಾಯಿಯ ಬಲಗೈ ಮೇಲೆ ನಲವತ್ತು ವರ್ಷಗಳಿಂದ ಇದೆ.

ನಮ್ಮ ಅವ್ವನ ಕೈಯಲ್ಲಿದ್ದ ಹಚ್ಚೆ ಯಂತ್ರದ್ದಲ್ಲ. ಕೊರವರ ಹೆಂಗಸೊಬ್ಬಳು ಮನೆಯ ಜಗಲಿಯಲ್ಲಿ ಕುಳಿತು, ಮೂರು ಸೂಜಿ ಸೇರಿಸಿ ಕಟ್ಟಿ, ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಚುಚ್ಚಿದ್ದು. ಗುಂಡ್ಲುಪೇಟೆಯ ಕಡೆಯ ಹೆಂಗಸರಿಗೆ ಅದು ಒಡವೆಯ ಲೆಕ್ಕ. ಸತ್ತಾಗ ಜೊತೆಗೆ ಬರುವ ಒಡವೆ ಅದೊಂದೇ ಎಂದು ಅವ್ವ ಹೇಳುತ್ತಿದ್ದಳು. ನೀಲಗಿರಿಯ ಬಡಗ ಹೆಂಗಸರ ಹಣೆಯ ಹಚ್ಚೆಯನ್ನು ಥರ್ಸ್ಟನ್ ಸಾಹೇಬರು 1909ರಲ್ಲಿ ಪ್ರಕಟವಾದ ತಮ್ಮ ಏಳು ಸಂಪುಟಗಳ ಗ್ರಂಥದಲ್ಲಿ ದಾಖಲಿಸಿದ್ದಾರೆ. ಮಲೆಯಾಳದವರು ಪಚ್ಚಕುತ್ತ್ ಎನ್ನುತ್ತಾರೆ, ತಮಿಳರು ಪಚ್ಚೈ ಕುತ್ತುದಲ್ ಎನ್ನುತ್ತಾರೆ, ನಾವು ಹಚ್ಚೆ ಎನ್ನುತ್ತೇವೆ. ಅವರ ಪಾಲು ನಮ್ಮಲ್ಲಿ ಹಾಲಾದಂತೆ, ಅವರ ಪುಲಿ ನಮ್ಮಲ್ಲಿ ಹುಲಿಯಾದಂತೆ, ಪಚ್ಚೆ ಹಚ್ಚೆಯಾಗಿದೆ. ಮೂರು ಮಾತಿನವರೂ ಕೈಯ ಮೇಲೆ ಕಂಡದ್ದು ಒಂದೇ ಹಸಿರು.

ಅವ್ವ ತೀರಿಕೊಂಡದ್ದು 1983ರಲ್ಲಿ. ಮರುವರ್ಷ ಮಸಿನಗುಡಿಯ ಹತ್ತಿರದ ಬೊಕ್ಕಾಪುರದ ಮಾರಿಯಮ್ಮನ ಜಾತ್ರೆಗೆ ಮುಂಚೆ, ಹಚ್ಚೆ ಹಾಕುವ ಒಬ್ಬರು ಕೆಟ್ಟ ಯಂತ್ರ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ನಾಲ್ಕು ಡ್ರೈ ಸೆಲ್, ಒಂದು ಸಣ್ಣ ಮೋಟಾರು, ಬಾಲ್‌ಪೆನ್ನಿನ ಕೊಳವೆ, ಅದರೊಳಗೆ ಆಡುವ ಸೂಜಿ, ಅಷ್ಟೇ. ಮೋಟಾರಿನ ತುದಿಯ ಚಕ್ರದಲ್ಲಿ ನಡುವಿನಿಂದ ತುಸು ಸರಿದು ಒಂದು ಮೊಳೆ. ಚಕ್ರ ತಿರುಗಿದಾಗ ಮೊಳೆ ಸೂಜಿಯನ್ನು ಕೆಳಗೆ ಮೇಲೆ ಒಯ್ಯುತ್ತದೆ. ಮೊಳೆ ನಡುವಿನಿಂದ ಎಷ್ಟು ದೂರವೋ ಅದರ ಎರಡರಷ್ಟು ಸೂಜಿಯ ಓಟ. ಅಮೆರಿಕದ ಎಡಿಸನ್ 1876ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಪೆನ್ನು ಇದೇ ಬಗೆಯದು. ಕಾಗದದಲ್ಲಿ ತೂತು ಕೊರೆದು ಬರಹದ ಪ್ರತಿ ತೆಗೆಯುವುದು ಅದರ ಕೆಲಸ. 1891ರಲ್ಲಿ ನ್ಯೂಯಾರ್ಕಿನ ಓರೈಲಿ ಆ ತತ್ವವನ್ನು ಹಚ್ಚೆಗೆ ಒಗ್ಗಿಸಿ ಪೇಟೆಂಟ್ ಪಡೆದ. ಹಚ್ಚೆಯ ಯಂತ್ರ ಹುಟ್ಟಿದ್ದು ಬರವಣಿಗೆಯಿಂದ.

ಸುಟ್ಟ ಮೋಟಾರು ತೆಗೆದು ಹಳೆಯ ಟೇಪ್ ರೆಕಾರ್ಡರಿನದನ್ನು ಕೂರಿಸಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಸೂಜಿ ಗಟ್ಟಿಯಾಗಿ ಇಳಿಯಲಿ ಎಂಬ ಹುಮ್ಮಸ್ಸಿನಲ್ಲಿ, ಒಂದೂವರೆ ಮಿಲಿಮೀಟರ್ ದೂರವಿದ್ದ ಮೊಳೆಯನ್ನು ಕಿತ್ತು ಎರಡೂವರೆಗೆ ಹೊಡೆದೆ. ಮೂರು ಮಿಲಿಮೀಟರಿನ ಓಟ ಐದಾಯಿತು. ಆ ಮೋಟಾರು ನಿಮಿಷಕ್ಕೆ 2400 ಸುತ್ತಿನದು, ಎಂದರೆ ಸೆಕೆಂಡಿಗೆ ನಲವತ್ತು ಚುಚ್ಚು. ಓಟ ಉದ್ದ, ವೇಗ ಕಡಿಮೆ, ಸೂಜಿಗೆ ತಡೆಯೆಂಬುದೇ ಇಲ್ಲ.

ಜಾತ್ರೆಯಲ್ಲಿ ಅದರ ಕೆಳಗೆ ಕೈಯೊಡ್ಡಿ ಕುಳಿತವಳು ನನ್ನ ತಂಗಿ. ಆಗ ಅವಳಿಗೆ ಹದಿನೇಳು. ಅವಳು ಬಯಸಿದ್ದು ಹೂವನ್ನಲ್ಲ, 'ಅವ್ವ' ಎಂಬ ಮಾತನ್ನು. ಹಚ್ಚೆಯವರಿಗೆ ಕನ್ನಡ ಬಾರದು, ಚೀಟಿಯಲ್ಲಿ ಬರೆದುಕೊಟ್ಟವನು ನಾನೇ. ಗಾಯ ಮಾಯುವ ಹೊತ್ತಿಗೆ ಶಾಯಿ ಒಳಗೆ ಹರಡಿ ಅಕ್ಷರಗಳ ಹೊಟ್ಟೆ ತುಂಬಿಕೊಂಡಿತು. ವಕಾರದ ಸುತ್ತು ಮುಚ್ಚಿತು, ಕೆಳಗಿನ ಒತ್ತು ಬರಿಯ ನೀಲಿ ಮಚ್ಚೆಯಾಯಿತು. ಎಲ್ಲರಿಗೂ ಒಂದೇ ಸೂಜಿಯ ಕಾಲ ಅದು. 1986ರಲ್ಲಿ ಮದರಾಸಿನಲ್ಲಿ ಎಚ್‌ಐವಿ ಪತ್ತೆಯಾದ ಸುದ್ದಿ ಬಂದಾಗ ನನಗೆ ಎಷ್ಟೋ ರಾತ್ರಿ ನಿದ್ದೆ ಹತ್ತಲಿಲ್ಲ. ತಂಗಿಗೆ ಏನೂ ಆಗಲಿಲ್ಲ. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಉದ್ದ ತೋಳಿನ ರವಿಕೆ ತೊಡಲು ಮಾತ್ರ ಶುರುಮಾಡಿದಳು.

ಇದನ್ನೆಲ್ಲ ಸೊಸೆಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನೀವೇ ನೋಡಬೇಕು ಮಾವ" ಎಂದಳು.

ಮೂರನ್ನೂ ಪರೀಕ್ಷಿಸಿದೆವು. ಮೊದಲು ಸೂಜಿ ಹಾಕದೆ ಓಡಿಸಿ ಕಿವಿಗೊಟ್ಟೆ. ಒಂದರ ಸದ್ದಿನಲ್ಲಿ ಏರಿಳಿತವಿತ್ತು. ಅದರ ಶಾಫ್ಟನ್ನು ಅಡ್ಡಡ್ಡ ಅಲುಗಿಸಿದರೆ ಬೆರಳಿಗೆ ಆಟ ಸಿಕ್ಕಿತು. ಹೀಗೆ ಅಲುಗುವ ಯಂತ್ರದಲ್ಲಿ ಗೆರೆ ಎರಡಾಗುತ್ತದೆ. ಎರಡನೆಯದು ಒಂದು ಗಂಟೆ ಓಡುವಷ್ಟರಲ್ಲಿ ಕೈಸುಟ್ಟಿತು, ತೂಕವೂ ಹೆಚ್ಚು. ಮೂರನೆಯದರಲ್ಲಿ ಓಟವನ್ನು ಎರಡೂವರೆಯಿಂದ ನಾಲ್ಕು ಮಿಲಿಮೀಟರಿನವರೆಗೆ ಬದಲಿಸಬಹುದಿತ್ತು. ಸೂಜಿಯ ದಂಡವನ್ನು ಬೆರಳಿನಿಂದ ಒತ್ತಿದರೂ ಅದರ ವೇಗ ಕುಗ್ಗಲಿಲ್ಲ. ಅದನ್ನೇ ಆರಿಸಿದೆವು.

ಆರಿಸಿದ ಮೇಲೆ ಶ್ರುತಿ ಮಾಡುವ ಕೆಲಸ. ನೆರಳು ತುಂಬಲು ಸಣ್ಣ ಓಟ ಸಾಕು. ಗೆರೆಗೆ ಮೂರೂವರೆ ಒಪ್ಪುತ್ತದೆ. ಆದರೆ ಓಟ ಬೇರೆ, ಆಳ ಬೇರೆ. ನಲವತ್ತು ವರ್ಷದ ಹಿಂದೆ ನನಗೆ ತಿಳಿಯದೆ ಹೋದದ್ದು ಇದೇ. ಚರ್ಮದ ಮೇಲಿನ ಪದರ ಸುಮಾರು ಒಂದು ತಿಂಗಳಲ್ಲಿ ಉದುರಿಹೋಗುತ್ತದೆ, ಆದ್ದರಿಂದ ಶಾಯಿ ಅದರ ಕೆಳಗಿನ ಪದರದಲ್ಲಿ, ಒಂದರಿಂದ ಎರಡು ಮಿಲಿಮೀಟರಿನ ಆಳದಲ್ಲಿ ನಿಲ್ಲಬೇಕು. ಇನ್ನೂ ಕೆಳಗೆ ಕೊಬ್ಬಿಗೆ ಇಳಿದರೆ ಹರಡುತ್ತದೆ. ಓಟ ಎಷ್ಟೇ ಇರಲಿ, ಸೂಜಿ ಪೂರ್ತಿ ಹೊರಬಂದಾಗ ಕೊಳವೆಯ ಬಾಯಿಂದ ಎರಡು ಮಿಲಿಮೀಟರಿಗಿಂತ ಹೆಚ್ಚು ಕಾಣದಂತೆ ಹಿಡಿಕೆಯನ್ನು ತಿರುಗಿಸಿ ನಿಲ್ಲಿಸಿದೆವು. ವೋಲ್ಟೇಜನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತ ಹೋದೆವು. ಈ ಜಾತಿಯ ಯಂತ್ರದಲ್ಲಿ ವೋಲ್ಟೇಜಿನಿಂದ ಓಟ ಬದಲಾಗುವುದಿಲ್ಲ, ವೇಗ ಬದಲಾಗುತ್ತದೆ. ಕೈ ಸಾಗುವ ವೇಗಕ್ಕೆ ಚುಕ್ಕೆಗಳು ಕೂಡಿ ಗೆರೆಯಾದ ಕಡೆ ನಿಲ್ಲಿಸಬೇಕು. ಒಬ್ಬರಿಗೊಂದೇ ಸಲ ಬಳಸಿ ಎಸೆಯುವ ಸೂಜಿಡಬ್ಬಿಯಲ್ಲಿ ಈಗ ತೆಳುಪೊರೆಯೂ ಇದೆ. ರಕ್ತವಾಗಲಿ ಶಾಯಿಯಾಗಲಿ ಹಿಂದಕ್ಕೆ ಯಂತ್ರದೊಳಗೆ ಹೋಗದಂತೆ ಅದು ತಡೆಯುತ್ತದೆ.

ಅಭ್ಯಾಸಕ್ಕೆ ನೇಂದ್ರ ಬಾಳೆಯ ಸಿಪ್ಪೆ. ಗೂಡಲೂರಿನಲ್ಲಿ ಅದಕ್ಕೇನು ಬರ? ಸೊಸೆಯ ಹೂವು, ನವಿಲು ಚೆನ್ನಾಗಿಯೇ ಬಂದವು. 'ಅವ್ವ' ಎಂದು ಬರೆಯಲು ಹೇಳಿದೆ. ಬರಲಿಲ್ಲ. ಯಂತ್ರದಲ್ಲಿ ದೋಷವಿರಲಿಲ್ಲ. ಅವಳು ಓದಿದ್ದು ತಮಿಳಿನಲ್ಲಿ. ಮನೆಯಲ್ಲಿ ಕನ್ನಡ ಆಡುತ್ತಾಳೆ, ಅಕ್ಷರವನ್ನು ಮಾತ್ರ ಚಿತ್ರವೆಂಬಂತೆ ಹೊರಗಿನಿಂದ ನೋಡಿ ಬರೆಯುತ್ತಿದ್ದಳು. ಎಲ್ಲಿ ತೊಡಗಿ ಎಲ್ಲಿ ತಿರುಗಬೇಕೆಂದು ತಿಳಿಯದ ಕೈ ನಡುವೆ ತಡೆಯುತ್ತದೆ. ಕೈ ತಡೆದಲ್ಲಿ ಸೂಜಿ ಒಂದೇ ಕಡೆ ಚುಚ್ಚುತ್ತದೆ, ಅಲ್ಲಿ ಶಾಯಿ ಕಟ್ಟುತ್ತದೆ.

ಯಂತ್ರವನ್ನು ಬದಿಗಿಟ್ಟು ಸ್ಲೇಟು ಹುಡುಕಿದೆ. ಇಪ್ಪತ್ತೈದು ವಯಸ್ಸಿನ ಹುಡುಗಿಗೆ ಕೈ ಹಿಡಿದು ಅಕಾರ ತಿದ್ದಿಸಿದೆ. ಸುತ್ತಿನೊಳಗಿನ ಬಿಳಿ ಜಾಗ ಗೆರೆಯ ದಪ್ಪಕ್ಕಿಂತ ಮೂರು ನಾಲ್ಕು ಪಟ್ಟು ಇರಲಿ, ಒತ್ತನ್ನು ಇನ್ನಷ್ಟು ಕೆಳಗಿಳಿಸು ಎಂದು ಹೇಳಿಕೊಟ್ಟೆ. ನಮ್ಮ ಅಕ್ಷರಗಳಿಗೆ ಹೊಟ್ಟೆ ಇದೆ, ಅವಕ್ಕೆ ಉಸಿರಾಡಲು ಜಾಗ ಬೇಕು. ಹದಿನೈದು ದಿನ, ದಿನಾ ಸಂಜೆ ಸ್ಲೇಟು, ಆಮೇಲೆ ಸಿಪ್ಪೆ. ಕನ್ನಡದ ಶಾಲೆ ಕೊಡದೆ ಹೋದದ್ದನ್ನು ಹಚ್ಚೆಯ ನೆಪದಲ್ಲಿ ಅಷ್ಟಿಷ್ಟು ಕೊಟ್ಟೆ.

ಒಂದು ಸಂಗತಿ ಓದಿದ್ದೆ. ಚರ್ಮದಲ್ಲಿ ಶಾಯಿಯನ್ನು ಹಿಡಿದಿಟ್ಟುಕೊಳ್ಳುವುದು ಕೆಲವು ಜೀವಕೋಶಗಳು. ಒಂದು ಸತ್ತು ಶಾಯಿಯನ್ನು ಬಿಟ್ಟಾಗ ಹೊಸದಾಗಿ ಬಂದದ್ದು ಅದನ್ನೇ ನುಂಗಿ ಇಟ್ಟುಕೊಳ್ಳುತ್ತದೆ. ಫ್ರಾನ್ಸಿನ ಮಾರ್ಸೇಯ ವಿಜ್ಞಾನಿಗಳು ಇಲಿಗಳಲ್ಲಿ ಇದನ್ನು ಕಂಡು 2018ರಲ್ಲಿ ಪ್ರಕಟಿಸಿದರು. ಹಚ್ಚೆ ನಿಲ್ಲುವುದು ಶಾಯಿಯ ಬಲದಿಂದಲ್ಲ, ಕೈಯಿಂದ ಕೈಗೆ ತೆಗೆದುಕೊಳ್ಳುವವರು ಇರುವುದರಿಂದ.

ತಂಗಿಯ ಹಳೆಯ ಮಚ್ಚೆಯ ಮೇಲೆ ಹೂವು ಹಾಕಿ ಮುಚ್ಚುತ್ತೇನೆಂದು ಸೊಸೆ ಹೇಳಿದಳು. ತಂಗಿ ಒಪ್ಪಲಿಲ್ಲ. "ಅದೂ ಅವ್ವನೇ ಕಣೆ. ಮುಚ್ಚಬೇಡ, ಎಡಗೈ ಮೇಲೆ ಬರೆ" ಎಂದಳು.

ಎಡಗೈ ಮೇಲೆ ಬರೆದಾಯಿತು. ವಯಸ್ಸಾದವರ ಚರ್ಮ ತೆಳು. ಸೂಜಿಯನ್ನು ಇನ್ನೂ ಅರ್ಧ ಮಿಲಿಮೀಟರ್ ಒಳಕ್ಕೆ ಎಳೆದು, ವೋಲ್ಟೇಜನ್ನು ತುಸು ತಗ್ಗಿಸಿ ಕೊಟ್ಟೆ. ಉಳಿದದ್ದನ್ನು ನೋಡುತ್ತ ಕೂರುವ ಧೈರ್ಯವಾಗದೆ ಹೊರಗೆ ಬಂದು ನಿಂತೆ.

ಒಂದು ತಿಂಗಳಾದ ಮೇಲೆ ತಂಗಿ ಅಂಗಡಿಗೆ ಬಂದು ಕೈ ಚಾಚಿದಳು. ಕನ್ನಡಕ ಹಾಕಿಕೊಂಡು ನೋಡಿದೆ. ಸುತ್ತುಗಳೆಲ್ಲ ತೆರೆದಿದ್ದವು.

"ಒತ್ತು ಕಾಣ್ತದಾ ಅಣ್ಣ?" ಎಂದಳು.

ಕಾಣುತ್ತದೆ ಎಂದೆ. ಅವಳು ಅಂದು ಗಿಡ್ಡ ತೋಳಿನ ರವಿಕೆ ತೊಟ್ಟಿದ್ದಳು.