ಡಿಗ್ರಿ ಇಲ್ಲಿ, ಎಂಎ ಅಲ್ಲಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದು ಒಂದು ವಾರ ಕಳೆಯಲಿ, ಚಳ್ಳಕೆರೆಯ ಯಾವ ಟೀ ಅಂಗಡಿಯಲ್ಲಿ ಕೂತರೂ ಮಾತು ಮಳೆ ದಾಟಿ, ಶೇಂಗಾ ರೇಟು ದಾಟಿ, ಮಕ್ಕಳ ಕಾಲೇಜಿಗೆ ಬಂದು ನಿಲ್ಲುತ್ತದೆ. ಸೈನ್ಸ್ ಓದಿದವರ ದಾರಿ ಎಲ್ಲರಿಗೂ ಬಾಯಿಪಾಠ. ನೀಟ್, ಸಿಇಟಿ, ಆಮೇಲೆ ಕೌನ್ಸೆಲಿಂಗ್. ಡಿಪ್ಲೊಮಾ ಮುಗಿಸಿದ ಹುಡುಗ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು ಅನ್ನುವುದೂ ಗೊತ್ತು. ಆರ್ಟ್ಸ್, ಕಾಮರ್ಸ್ ಮಕ್ಕಳ ವಿಚಾರ ಬಂದಾಗ ಮಾತ್ರ ಗ್ಲಾಸು ಕೆಳಗಿಟ್ಟು ಎಲ್ಲರೂ ಸುಮ್ಮನಾಗುತ್ತಾರೆ. ಬಿಎ, ಇಲ್ಲ ಬಿಕಾಂ. ಮುಂದಿನದು ನೋಡೋಣ ಅಂತ.

ಈ 'ನೋಡೋಣ' ನನಗೆ ಬಹಳ ದಿನದಿಂದ ಸಂಕಟ ತರುವ ಮಾತು. ಮೊಳಕಾಲ್ಮುರಿನ ಒಬ್ಬ ನೇಕಾರರು ಸಲಹೆ ಕೇಳಲು ಮಗಳನ್ನು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. "ನಮ್ಮುಡುಗಿ ಎಕನಾಮಿಕ್ಸೇ ಓದ್ತೀನಿ ಅಂತ ಕೂತವ್ಳೆ ಸಾ. ಬಿಕಾಂ ಆದ್ರೆ ಬ್ಯಾಂಕೋ ಆಡಿಟರ್ ಆಫೀಸೋ ಏನಾರ ಸಿಗ್ತೈತೆ. ಇದನ್ನ ಓದಿ ಏನ್ ಮಾಡ್ತಾಳೆ?" ಅಂದರು. ಹುಡುಗಿ ಅಪ್ಪನ ಮಾತು ಮುಗಿಯುವವರೆಗೆ ಕಾದು ಕೇಳಿದಳು: "ಸಾರ್, ಎರಡು ವರ್ಷ ಇಲ್ಲೇ ಗೌರ್ಮೆಂಟ್ ಕಾಲೇಜಲ್ಲಿ ಓದಿ, ಆಮೇಲೆ ಬೆಂಗಳೂರು ಯೂನಿವರ್ಸಿಟಿಗೆ ಬದಲಾಯಿಸ್ಕೊಳ್ಳೋಕೆ ಆಗಲ್ವಾ?"

ಎಷ್ಟು ಒಳ್ಳೆಯ ಪ್ರಶ್ನೆ! ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಈ ಪ್ರಶ್ನೆಗೆ 1960ರಲ್ಲೇ ಒಂದು ಮಾಸ್ಟರ್ ಪ್ಲಾನ್ ಮಾಡಿ ಉತ್ತರ ಕೊಟ್ಟಿದೆ. ಅಲ್ಲಿ ಊರ ಸಮೀಪದ ಕಮ್ಯೂನಿಟಿ ಕಾಲೇಜಿನಲ್ಲಿ ಕಡಿಮೆ ಫೀಸಿಗೆ ಎರಡು ವರ್ಷ ಓದಿ, ಮೂರನೇ ವರ್ಷಕ್ಕೆ ದೊಡ್ಡ ವಿಶ್ವವಿದ್ಯಾಲಯ ಸೇರುವುದು ರೂಢಿ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬಿಸಿನೆಸ್ ಎಕನಾಮಿಕ್ಸ್ ಓದಬೇಕು ಅನ್ನುವ ಹುಡುಗಿ ಮೊದಲ ವರ್ಷವೇ 'ಅಸಿಸ್ಟ್' ಅನ್ನುವ ಸಾರ್ವಜನಿಕ ತಾಣ ತೆರೆದರೆ, ತನ್ನ ಕಾಲೇಜಿನ ಯಾವ ಪೇಪರು ಅಲ್ಲಿನ ಯಾವ ಪೇಪರಿಗೆ ಸಮ ಎಂದು ಸಾಲುಸಾಲಾಗಿ ಬರೆದಿರುತ್ತದೆ. ಕ್ಯಾಲ್ಕುಲಸ್ ಇಷ್ಟು, ಸ್ಟ್ಯಾಟಿಸ್ಟಿಕ್ಸ್ ಇಷ್ಟು, ಮೈಕ್ರೊ ಒಂದು, ಮ್ಯಾಕ್ರೊ ಒಂದು. ಯಾರ ಕೈಕಾಲು ಹಿಡಿಯುವುದೂ ಬೇಡ, ಪಟ್ಟಿ ನೋಡಿ ಓದಿದರಾಯಿತು. ಆ ದೇಶದ ಶ್ರೀಮಂತಿಕೆಗಿಂತ ಈ ಒಂದು ಪಟ್ಟಿಯ ಮೇಲೆ ನನಗೆ ಹೆಚ್ಚು ಆಸೆ.

ನಮ್ಮಲ್ಲಿ ಬಾಗಿಲು ಇಲ್ಲವೇ ಇಲ್ಲ ಅಂತಲ್ಲ. ಚಿತ್ರದುರ್ಗ ಜಿಲ್ಲೆಯ ಡಿಗ್ರಿ ಕಾಲೇಜುಗಳು ಒಂದು ಕಾಲಕ್ಕೆ ಮೈಸೂರಿನ ಕೆಳಗಿದ್ದವು, ಆಮೇಲೆ ಕುವೆಂಪು ವಿಶ್ವವಿದ್ಯಾಲಯ, 2009ರಿಂದ ದಾವಣಗೆರೆ ವಿಶ್ವವಿದ್ಯಾಲಯ. ಅದೇ ವಿಶ್ವವಿದ್ಯಾಲಯದೊಳಗೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವುದು ಸುಲಭ; ಸಾಮಾನ್ಯವಾಗಿ ಮೂರನೇ ಅಥವಾ ಐದನೇ ಸೆಮಿಸ್ಟರ್ ಶುರುವಾಗುವಾಗ, ಎರಡೂ ಕಡೆಯ ಒಪ್ಪಿಗೆ ಪತ್ರ ಇಟ್ಟುಕೊಂಡು ಹೋಗಬಹುದು. ಆದರೆ ವಿಶ್ವವಿದ್ಯಾಲಯವೇ ಬದಲಾದರೆ ಸಿಲಬಸ್ಸು ಬೇರೆ, ಪೇಪರುಗಳ ಹೆಸರು ಬೇರೆ, ಬಿಟ್ಟುಹೋದ ಪೇಪರು ಅಲ್ಲಿ ಹೋಗಿ ಬರೆಯಬೇಕು. ಬೆಂಗಳೂರು ವಿಶ್ವವಿದ್ಯಾಲಯವೇ 2017ರಲ್ಲಿ ಮೂರು ಭಾಗವಾಯಿತು. ನಾಲ್ಕು ವರ್ಷದ ಡಿಗ್ರಿ 2021-22ರಲ್ಲಿ ಬಂದು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಅಂಕಗಳ ಬದಲು ಕ್ರೆಡಿಟ್ಟುಗಳನ್ನು ಕೂಡಿಟ್ಟು ಎಲ್ಲಿಗೆ ಬೇಕಾದರೂ ಒಯ್ಯುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ 2021ರಲ್ಲಿ ಶುರುವಾಗಿದೆ, ನಿಜ. ಖಾತೆ ತೆರೆಯಿರಿ, ಅಗತ್ಯವಾಗಿ ತೆರೆಯಿರಿ. ಆದರೆ ಕ್ರೆಡಿಟ್ ಇದ್ದಮಾತ್ರಕ್ಕೆ ಸೀಟು ಸಿಗುವುದಿಲ್ಲ.

ಹಾಗಾಗಿ ಹುಡುಗಿಗೆ ನಾನು ಹೇಳಿದ್ದು ಇದು: ನಡುವೆ ಕಿತ್ತುಕೊಂಡು ಹೋಗಬೇಡಮ್ಮಾ. ಮೂರು ವರ್ಷ ಇಲ್ಲೇ ಪೂರ್ತಿ ಮಾಡು, ಆಮೇಲೆ ಎಂಎಗೆ ಜಿಗಿ. ಆದರೆ ಆ ಜಿಗಿತಕ್ಕೆ ಮೊದಲ ಸೆಮಿಸ್ಟರ್‌ನಿಂದಲೇ ಸಿದ್ಧವಾಗು.

ಇಲ್ಲಿ ನಿಜವಾದ ಗಂಟು ಗಣಿತ. ಇದನ್ನು ನಮ್ಮ ಕಡೆ ಮಕ್ಕಳಿಗೆ ಹೇಳುವವರೇ ಇಲ್ಲ ಅನ್ನುವುದು ನನ್ನ ದೊಡ್ಡ ಚಿಂತೆ. ಹತ್ತನೇ ತರಗತಿ ಮುಗಿಸಿ ಪಿಯುಗೆ ಅರ್ಜಿ ಹಾಕುವ ದಿನ, ಹದಿನಾರು ವರ್ಷದ ಹುಡುಗಿ, ಗಣಿತ ಕಷ್ಟ ಅಂತ ಎಚ್‌ಇಪಿಎಸ್ ಬರೆದುಬಿಡುತ್ತಾಳೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಒಳ್ಳೆಯ ವಿಷಯಗಳೇ. ಆದರೆ ಐದು ವರ್ಷದ ನಂತರ ಒಳ್ಳೆಯ ಎಂಎ ಎಕನಾಮಿಕ್ಸ್ ತರಗತಿಯ ಮೊದಲ ವಾರವೇ ಬೋರ್ಡಿನ ತುಂಬ ಡಿಫರೆನ್ಶಿಯೇಷನ್, ಮ್ಯಾಟ್ರಿಕ್ಸ್, ರಿಗ್ರೆಶನ್ ಬಂದಾಗ ಆಕೆಗೆ ಮೈ ಬೆವರುತ್ತದೆ. ತಪ್ಪು ಆಕೆಯದಲ್ಲ, ಅರ್ಜಿಯ ಆ ಕಾಲಂ ಇಷ್ಟು ದೂರ ಕೈಚಾಚುತ್ತದೆ ಎಂದು ಯಾರೂ ಹೇಳಿರಲಿಲ್ಲ. ಕಾಮರ್ಸ್‌ನಲ್ಲಿ ಎಸ್‌ಇಬಿಎ ತೆಗೆದುಕೊಂಡವರಿಗೆ ಸಂಖ್ಯಾಶಾಸ್ತ್ರದ ಒಂದು ಆಸರೆಯಾದರೂ ಇರುತ್ತದೆ. ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್ ಸಿಕ್ಕರೆ ಬಿಡಲೇಬಾರದು. ಕಾಲ ಮೀರಿದ್ದರೆ, ಸ್ವಯಂ ಪೋರ್ಟಲ್ ಇದೆ. ಅರ್ಥಶಾಸ್ತ್ರಕ್ಕೆ ಬೇಕಾಗುವ ಗಣಿತದ ಪಾಠಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಸಂಜೆ ಒಂದು ಗಂಟೆ, ಮೂರು ವರ್ಷ, ಸಾಕು. ಜೊತೆಗೆ ಇಂಗ್ಲಿಷು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ ಡಿಗ್ರಿಗಾದರೆ ಕನ್ನಡದಲ್ಲೂ ಇದೆ, ಎಂಎಗೆ ಬರೆಯುವ ಸಿಯುಇಟಿ ಕನ್ನಡದಲ್ಲಿ ಇಲ್ಲ. ಕನ್ನಡ ಮಾಧ್ಯಮದ ಮಕ್ಕಳು ಪಾಠವನ್ನು ಕನ್ನಡದಲ್ಲೇ ಚೆನ್ನಾಗಿ ಅರ್ಥ ಮಾಡಿಕೊಂಡು, ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೂ ಬರೆದಿಟ್ಟುಕೊಳ್ಳಲಿ.

"ಆದ್ರೂ ಸಾ, ಅದರಾಗೆ ಏನೈತೆ ಓದೋಕೆ?" ಅಪ್ಪ ಬಿಡಲಿಲ್ಲ. ಅದಕ್ಕೆ ನಾನು ಅವರ ಮಗ್ಗವನ್ನೇ ಮುಂದಿಟ್ಟೆ. ಮೊಳಕಾಲ್ಮುರು ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದರ ಹಾಸಿಗೂ ಹೊಕ್ಕಿಗೂ ಬೇಕಾದ ರೇಷ್ಮೆಯ ದರ ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಏರಿದರೆ ಇಲ್ಲಿ ಮನೆಯೊಳಗೆ ಬಿಸಿ ತಟ್ಟುತ್ತದೆ. ಸೀರೆಯ ಬೆಲೆ ಏರಿದಾಗ ಮಜೂರಿ ಏಕೆ ಅಷ್ಟೇ ಏರುವುದಿಲ್ಲ? ಮಗ್ಗ ನೇಕಾರನದಾಗಿದ್ದು ರೇಷ್ಮೆ, ಜರಿ ಬೇರೆಯವರದಾದಾಗ ನಷ್ಟ ಯಾರ ತಲೆಗೆ? ಕೆಲವು ಬಗೆಯ ಬಟ್ಟೆ ಕೈಮಗ್ಗಕ್ಕೇ ಮೀಸಲು ಎಂದು 1985ರಲ್ಲಿ ಕಾಯ್ದೆ ಬಂದರೂ ಪವರ್‌ಲೂಮ್ ಸೀರೆ ಅಂಗಡಿಯಲ್ಲಿ ಪಕ್ಕದಲ್ಲೇ ಏಕೆ ಕೂರುತ್ತದೆ? ಅವರು ತಮ್ಮ ಜೀವನವಿಡೀ ಕೇಳಿಕೊಂಡ ಪ್ರಶ್ನೆಗಳಿವು. ಮಗಳು ಓದಬೇಕೆಂದಿರುವುದೂ ಇವನ್ನೇ.

ಚಳ್ಳಕೆರೆಗೆ ಬಂದರೆ ಇನ್ನೂ ದೊಡ್ಡ ಪಾಠವಿದೆ. ಎಣ್ಣೆ ಮಿಲ್ಲುಗಳಿಂದಾಗಿ ನಮ್ಮ ಊರನ್ನು ಹಿರಿಯರು ಎರಡನೇ ಬಾಂಬೆ ಎಂದು ಹೆಮ್ಮೆಯಿಂದ ಕರೆಯುತ್ತಿದ್ದರು. ಸುಗ್ಗಿಯಲ್ಲಿ ಊರು ಹೊಕ್ಕರೆ ಗಾಳಿಯಲ್ಲೇ ಹಿಂಡಿಯ ವಾಸನೆ. ಎಣ್ಣೆಕಾಳಿನ ತಂತ್ರಜ್ಞಾನ ಮಿಷನ್ ಬಂದದ್ದು 1986ರಲ್ಲಿ, ದೇಶದಲ್ಲೇ ಎಣ್ಣೆ ಬೆಳೆಯಬೇಕು ಎಂದು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು. ಅಗ್ಗದ ತಾಳೆ ಎಣ್ಣೆ ಬಂದಿತು, ಇತ್ತ ಮಳೆಯೂ ಕೈಕೊಡುತ್ತಾ ಹೋಯಿತು, ಎಷ್ಟೋ ಮಿಲ್ಲುಗಳ ಸದ್ದು ಅಡಗಿತು. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿ, ಮೇ 23ಕ್ಕೆ ಮತ್ತೆ ಬಿಟ್ಟಿತು. ಆ ಮೂರು-ನಾಲ್ಕು ವಾರ ಎಣ್ಣೆ ವ್ಯಾಪಾರಿಗಳು ಜಕಾರ್ತಾದ ಸುದ್ದಿಗೆ ಕಿವಿಗೊಟ್ಟು ಕೂತಿದ್ದರು. ಬೇಡಿಕೆ, ಪೂರೈಕೆ, ಆಮದು ಸುಂಕ, ಬದಲಿ ವಸ್ತು: ಪಠ್ಯಪುಸ್ತಕದ ಅಧ್ಯಾಯಗಳು ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಚೀಲಗಳ ಜೊತೆ ಬಿದ್ದಿವೆ. ಸ್ವಂತ ಊರಿನಲ್ಲಿ ಡಿಗ್ರಿ ಓದುವ ಹುಡುಗಿಗೆ ಇದು ಕೊರತೆಯಲ್ಲ, ಬೆಂಗಳೂರಿನ ಮಕ್ಕಳಿಗೆ ಇಲ್ಲದ ಆಸ್ತಿ. ಮೂರು ವರ್ಷ ವಾರಕ್ಕೊಮ್ಮೆ ಯಾರ್ಡಿಗೆ ಹೋಗಿ ಶೇಂಗಾದ ಕನಿಷ್ಠ, ಗರಿಷ್ಠ ದರ ಬರೆದಿಟ್ಟುಕೊಂಡರೆ, ಎಂಎ ಸಂದರ್ಶನದಲ್ಲಿ ಆ ನೋಟ್‌ಬುಕ್ಕೇ ಮಾತಾಡುತ್ತದೆ.

ಊರು ಬಿಟ್ಟು ಓದಿಗೆ ಹೋಗುವುದು ನಮ್ಮ ಸೀಮೆಗೆ ಹೊಸದೇನಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನಿಂದ ಹೊರಟ ವೆಂಕಣ್ಣಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾದರು. ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಕೃತಿಯನ್ನು ಆ ಗುರುವಿಗೇ ಅರ್ಪಿಸಿದರು. ಇನ್ನೂ ಹಿಂದಕ್ಕೆ ಹೋದರೆ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು. ಬ್ರಾಹ್ಮಿಯಲ್ಲಿ ಇಡೀ ಶಾಸನ ಬರೆದ ಚಪಡ ಎಂಬ ಲಿಪಿಕಾರ ಕೊನೆಗೆ ತನ್ನ ಕಸುಬಿನ ಹೆಸರನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಭಾರತದ ವಾಯುವ್ಯ ಮೂಲೆಯ ಲಿಪಿ. ಎಲ್ಲಿ ಅಕ್ಷರ ಕಲಿತವನು ಎಲ್ಲಿಗೆ ಬಂದು ಬರೆದ! ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಮಾತೂ ಆ ಶಾಸನದಲ್ಲಿದೆ. ನಮ್ಮ ಮಕ್ಕಳನ್ನು ಅಲ್ಲಿಗೆ ಟೂರ್ ಕರೆದೊಯ್ಯುವ ಮೇಷ್ಟ್ರುಗಳು ಇದನ್ನು ಖಂಡಿತ ತೋರಿಸಬೇಕು.

ನಡುವೆ ಓದು ಕಡಿದು ಮತ್ತೆ ಕೂಡಿಸಿಕೊಂಡವರ ಪೈಕಿ ನನಗೆ ಅಂಬೇಡ್ಕರ್ ಅವರಷ್ಟು ಧೈರ್ಯ ಕೊಡುವವರು ಬೇರೆ ಇಲ್ಲ. ಬಾಂಬೆಯಲ್ಲಿ 1912ರಲ್ಲಿ ಬಿಎ, ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಕೊಲಂಬಿಯಾ, 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್. ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಓದು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ಆದರೆ ಬರುವಾಗ, ನಾಲ್ಕು ವರ್ಷದೊಳಗೆ ಬಂದು ಮುಂದುವರಿಸಲು ಅನುಮತಿ ಪಡೆದೇ ಬಂದರು. ದುಡಿದು ಹಣ ಕೂಡಿಸಿ 1920ರಲ್ಲಿ ಮತ್ತೆ ಹೋದರು. 1923ರಲ್ಲಿ ಡಿಎಸ್‌ಸಿ, ರೂಪಾಯಿಯ ಸಮಸ್ಯೆಯ ಮೇಲಿನ ಪ್ರಬಂಧ ಪುಸ್ತಕವೂ ಆಯಿತು. ಆ ಅನುಮತಿ ಪತ್ರವನ್ನು ನಾನು ಮಕ್ಕಳಿಗೆ ಪದೇಪದೇ ಹೇಳುತ್ತೇನೆ. ಅಷ್ಟು ಕಷ್ಟದಲ್ಲೂ ಅವರು ಕಾಗದ ಸರಿಮಾಡಿಕೊಳ್ಳದೆ ಹಡಗು ಹತ್ತಲಿಲ್ಲ.

ಅವರ ಹೆಸರಿನ ಅರ್ಥಶಾಸ್ತ್ರ ಶಾಲೆ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ 2017ರಲ್ಲಿ ಶುರುವಾಗಿ ಈಗ ವಿಶ್ವವಿದ್ಯಾಲಯವಾಗಿದೆ. ಎಲ್ಲರೂ ಬೇಸ್ ಅನ್ನುತ್ತಾರೆ. ಅಲ್ಲಿಗೆ ಸಿಯುಇಟಿ ದಾರಿ. ಪಕ್ಕದ ನಾಗರಭಾವಿಯಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ಐಸೆಕ್, ಪಿಎಚ್‌ಡಿ ಕನಸಿದ್ದವರಿಗೆ. ಕಲಬುರಗಿ ಬಳಿ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ. ಹತ್ತಿರಕ್ಕೇ ಬೇಕಾದರೆ ದಾವಣಗೆರೆಯ ಶಿವಗಂಗೋತ್ರಿ. ಬಳ್ಳಾರಿಯ ವಿಶ್ವವಿದ್ಯಾಲಯ ಮೊಳಕಾಲ್ಮುರಿಗೆ ಇನ್ನೂ ಸಮೀಪ. ಆದರೆ ಸಂವಿಧಾನದ 371-ಜೆ ವಿಧಿಯ ಮೀಸಲಾತಿ ಗಡಿಯಾಚೆಯ ಬಳ್ಳಾರಿ ಮಕ್ಕಳಿಗುಂಟು, ಈಚೆಯ ಮೊಳಕಾಲ್ಮುರಿನವರಿಗಿಲ್ಲ. ಎರಡೂ ಕಡೆ ಒಂದೇ ನೆಲ, ಒಂದೇ ಬರ. ಇದು ನನಗೆ ಸರಿಕಾಣುವುದಿಲ್ಲ, ಹೇಳಿಬಿಡುತ್ತೇನೆ.

ಕಾಗದದ ವಿಷಯ ಎತ್ತಿದ್ದಕ್ಕೆ ಇಷ್ಟು: ಟಿಸಿ, ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್, ವಿಶ್ವವಿದ್ಯಾಲಯ ಬದಲಾದರೆ ಮೈಗ್ರೇಷನ್ ಸರ್ಟಿಫಿಕೇಟ್, ಜಾತಿ-ಆದಾಯ ಪ್ರಮಾಣಪತ್ರ. ಬ್ಯಾಕ್‌ಲಾಗ್ ಒಂದೇ ಒಂದು ಉಳಿದರೂ ಆ ವರ್ಷ ಕೈತಪ್ಪುವ ಭಯವಿದೆ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಪ್ರತಿವರ್ಷ ಹಾಕಬೇಕು. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಯಲ್ಲಿ ತಿಂಗಳಿಗಿಷ್ಟು ಅಂತ ನೆರವು, ಹತ್ತು ತಿಂಗಳು. ಇನ್ನು ಬಸ್ಸು. 2023ರ ಜೂನ್‌ನಲ್ಲಿ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಕಾಲೇಜಿನ ನಕ್ಷೆಯೇ ಹಿಗ್ಗಿದೆ. ಚಿತ್ರದುರ್ಗಕ್ಕೋ ಬಳ್ಳಾರಿಗೋ ಹೋಗಿ ಲೈಬ್ರರಿಯಲ್ಲಿ ಓದಿ ಸಂಜೆಗೆ ಮನೆ ಸೇರುವುದಕ್ಕೆ ಈಗ ಅಪ್ಪನ ಜೇಬು ನೋಡಬೇಕಿಲ್ಲ. ಈ ಹುಡುಗಿ ಇಷ್ಟು ದೂರದ ಯೋಚನೆ ಮಾಡಿದ್ದರ ಹಿಂದೆ ಆ ಬಸ್ಸಿನ ಪಾಲೂ ಇದೆ ಅಂತ ನನ್ನ ಅನಿಸಿಕೆ.

"ಕೆಲಸದ ಮಾತು ಬರ್ಲೇ ಇಲ್ಲ" ಅಂದರು ನೇಕಾರರು. ಬಂತು. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಅರ್ಥಶಾಸ್ತ್ರದಲ್ಲಿ, ಇಲ್ಲವೇ ಬಿಸಿನೆಸ್ ಎಕನಾಮಿಕ್ಸ್, ಅಪ್ಲೈಡ್ ಎಕನಾಮಿಕ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಬೇಕು. ಬರೀ ಬಿಕಾಂಗೆ ಆ ಬಾಗಿಲಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ಅರ್ಥಶಾಸ್ತ್ರಜ್ಞರ ಹುದ್ದೆಗಳಿವೆ. ನೆಟ್, ಕೆ-ಸೆಟ್ ಪಾಸಾದರೆ ಕಾಲೇಜಿನಲ್ಲಿ ಪಾಠ ಹೇಳಬಹುದು. ರಾಜ್ಯದಲ್ಲಿ ಅರ್ಥಶಾಸ್ತ್ರ ಮತ್ತು ಸಾಂಖ್ಯಿಕ ನಿರ್ದೇಶನಾಲಯವಿದೆ. ಅದನ್ನು ಹೇಳುತ್ತಲೇ ಅವರಿಗೆ ಕೇಳಿದೆ: ನಿಮ್ಮ ಅಣ್ಣನವರ ಹೊಲಕ್ಕೆ ಶೇಂಗಾ ಬೆಳೆವಿಮೆ ಬಂತಾ? "ಪಕ್ಕದ ಪಂಚಾಯ್ತಿಗೆ ಬಂತು, ನಮಗೆ ಬರ್ಲಿಲ್ಲ" ಅಂದರು. ವಿಮೆಯ ಲೆಕ್ಕ ಆ ನಿರ್ದೇಶನಾಲಯ ನೋಡಿಕೊಳ್ಳುವ ಪಂಚಾಯಿತಿವಾರು ಬೆಳೆ ಕಟಾವು ಪ್ರಯೋಗದ ಮೇಲೆ ನಿಂತಿದೆ: ಆರಿಸಿದ ಕೆಲವು ಹೊಲದಲ್ಲಿ ಒಂದು ತುಂಡು ಜಾಗ ಅಳೆದು, ಗಿಡ ಕಿತ್ತು, ತೂಕ ಹಾಕಿ ಇಳುವರಿ ತೀರ್ಮಾನಿಸುತ್ತಾರೆ. ಹೊಲ ಹೇಗೆ ಆರಿಸಿದರು, ಹೊಸ್ತಿಲ ಇಳುವರಿಯನ್ನು ಯಾವ ವರ್ಷಗಳ ಸರಾಸರಿಯಿಂದ ತೆಗೆದರು ಎಂದು ಕೂತು ಓದಿ ಪ್ರಶ್ನಿಸಬಲ್ಲವರು ನಮ್ಮ ತಾಲ್ಲೂಕಿನವರೇ ಆಗಿದ್ದರೆ ಎಷ್ಟು ಚೆನ್ನ.

ಹುಡುಗಿ ಆಗಲೇ ಬ್ಯಾಗಿನಿಂದ ಪೆನ್ನು ತೆಗೆದಿದ್ದಳು. "ಸಾರ್, ಸ್ಟ್ಯಾಟಿಸ್ಟಿಕ್ಸ್‌ಗೆ ಮೊದಲು ಯಾವ ಪುಸ್ತಕ ಹಿಡೀಲಿ?" ಪಿಯು ಸಂಖ್ಯಾಶಾಸ್ತ್ರದ ಪಠ್ಯಪುಸ್ತಕದಿಂದಲೇ ಶುರು ಮಾಡಮ್ಮಾ ಅಂದೆ, ನಮ್ಮ ಬೀದಿಯಲ್ಲಿ ಎಸ್‌ಇಬಿಎ ಮುಗಿಸಿದ ಹುಡುಗನೊಬ್ಬನ ಹತ್ತಿರ ಹಳೆಯದು ಇತ್ತು, ಕೊಡಿಸಿ ಕಳಿಸಿದೆ.