ಆಲ್ಟೊ ಸಾಲಿನಲ್ಲಿ ಖಾಂಡವ ದಹನ

ಸಮೂಹಗಾನದಲ್ಲಿ ನಾನು ಆಲ್ಟೊ, ಅಂದರೆ ಹೆಂಗಸರ ಕೆಳದನಿ. ರಾಗದ ಸವಿಯೆಲ್ಲ ಮೇಲುದನಿಯ ಸೊಪ್ರಾನೊಗಳ ಪಾಲು. ನಮಗೆ ಎರಡು ಮೂರು ಸ್ವರಗಳ ನಡುವಿನ ಓಡಾಟ, ಕೆಲವೊಮ್ಮೆ ಪುಟವಿಡೀ ಒಂದೇ ಸ್ವರ. ಅದನ್ನು ಮನೆಯಲ್ಲಿ ಒಬ್ಬಳೇ ಹಾಡಿಕೊಂಡರೆ ಕೇಳುವವರಿಗೆ ಅಯ್ಯೋ ಪಾಪ ಅನಿಸೀತು. ನಾಲ್ಕೂ ದನಿಸಾಲುಗಳು ಕೂಡಿದಾಗಲೇ ಆ ಸ್ವರಕ್ಕೆ ಅಲ್ಲೇನು ಕೆಲಸವಿತ್ತೆಂದು ತಿಳಿಯುವುದು. ಸಂಗೀತ ಮೇಷ್ಟರೆದುರು ಕೂತು ವರ್ಣ ಕಲಿತವಳಿಗೆ ಇದು ಬೇರೆಯೇ ರುಚಿ. ಅಲ್ಲಿ ನನ್ನ ದನಿ ಎದ್ದು ಕೇಳಬೇಕಿತ್ತು, ಇಲ್ಲಿ ಪಕ್ಕದವಳ ದನಿಯಲ್ಲಿ ಅಡಗಬೇಕು. ಉಸಿರನ್ನೂ ಸರದಿಯಲ್ಲಿ ಕದಿಯುತ್ತೇವೆ: ಉದ್ದನೆಯ ಸ್ವರದ ನಡುವೆ ಒಬ್ಬರು ಬಿಟ್ಟರೆ ಉಳಿದವರು ಹಿಡಿದಿರುತ್ತಾರೆ. ಕೇಳುವವರಿಗೆ ಎಲ್ಲೂ ಕಡಿದದ್ದು ಗೊತ್ತಾಗದು.

ಇಂಗ್ಲೆಂಡಿನ ನಮ್ಮ ಸಣ್ಣ ಊರಿನ ತಂಡ ನಿರಾಶ್ರಿತರ ನೆರವಿಗೆಂದು ಹಾಡಿದ್ದು ಸಂಯೋಜಕ ಕಾರ್ಲ್ ಜೆಂಕಿನ್ಸರ 'ದಿ ಆರ್ಮ್ಡ್ ಮ್ಯಾನ್: ಎ ಮಾಸ್ ಫಾರ್ ಪೀಸ್'. ಇದನ್ನು ಬರೆಸಿದ್ದು ರಾಯಲ್ ಆರ್ಮರೀಸ್ ಎಂಬ ಶಸ್ತ್ರಾಸ್ತ್ರಗಳ ಮ್ಯೂಸಿಯಂ! 2000ದಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲು ಹಾಡಿದ ಈ ಕೃತಿ ಕೊಸೊವೊ ಯುದ್ಧದಲ್ಲಿ ಬಲಿಯಾದವರಿಗೆ ಅರ್ಪಿತ. ಹದಿನೈದನೆಯ ಶತಮಾನದ ಫ್ರೆಂಚ್ ಹಾಡು, ಆಜಾನ್, ಲ್ಯಾಟಿನ್ ಪ್ರಾರ್ಥನೆ, ಕಿಪ್ಲಿಂಗನ ಕವಿತೆ ಎಲ್ಲ ಇದರಲ್ಲಿವೆ. ಕೆಲವು ವಿಮರ್ಶಕರಿಗೆ ಜೆಂಕಿನ್ಸ್ ತೀರ ಸಲೀಸು. ಇರಲಿ, ಸಲೀಸಾಗಿರುವುದಕ್ಕೇ ಹಗಲೆಲ್ಲ ಆಫೀಸಿನಲ್ಲಿ ದುಡಿದು ಸಂಜೆ ಚರ್ಚಿನ ಹಾಲ್‌ಗೆ ಬರುವ ನಮ್ಮಂಥವರ ಗಂಟಲಿಗೆ ಒಗ್ಗುತ್ತದೆ.

ದಾಳಿಯ ಭಾಗದ ಕೊನೆಯಲ್ಲಿ ಎಲ್ಲರೂ ಚೀರಬೇಕು. ತಾಲೀಮಿನಲ್ಲಿ ಇದಕ್ಕೆ ನಗುವೋ ನಗು; ಮೊದಲು ಬಾಯಿ ತೆರೆಯಲು ಯಾರೂ ತಯಾರಿಲ್ಲ. ವೇದಿಕೆಯಲ್ಲಿ ಚೀರಿ ನಿಲ್ಲಿಸಿದಾಗ ದೊಡ್ಡ ಮೌನ, ಆಮೇಲೆ ಒಂಟಿ ಕಹಳೆ. ಅಲ್ಲಿಂದ ಹಿರೊಶಿಮಾದ ಬಾಂಬಿಗೆ ಸಿಕ್ಕಿ ಬದುಕುಳಿದ ತೋಗೆ ಸಂಕಿಚಿಯ ಕವಿತೆ. ಅದರ ಬೆನ್ನಿಗೇ ನಮ್ಮ ಮಹಾಭಾರತದ ಖಾಂಡವ ದಹನ!

ಯಕ್ಷಗಾನದಲ್ಲಿ ಆ ಪ್ರಸಂಗ ನೋಡಿದ್ದೆ. ಚೆಂಡೆಯ ಅಬ್ಬರದಲ್ಲಿ ಕಣ್ಣೆಲ್ಲ ಅರ್ಜುನನ ಮೇಲೆ, ಕೃಷ್ಣನ ಮೇಲೆ. ಗಾಂಡೀವ ಅರ್ಜುನನ ಕೈಸೇರಿದ್ದೇ ಈ ಖಾಂಡವದ ಕಾಡನ್ನು ಸುಡಿಸುವ ಸಲುವಾಗಿ. ಜೆಂಕಿನ್ಸ್ ಎತ್ತಿಕೊಂಡ ಸಾಲುಗಳಲ್ಲಿ ಅರ್ಜುನನೂ ಇಲ್ಲ, ಅಗ್ನಿದೇವನೂ ಇಲ್ಲ; ಇರುವುದು ಮರಿಗಳನ್ನು ಅವುಚಿಕೊಂಡೇ ಸುಟ್ಟುಹೋದ ಪ್ರಾಣಿಗಳು. ಅಷ್ಟು ವರ್ಷ ಕೇಳಿದ ಕಥೆಯಲ್ಲಿ ಆ ಮರಿಗಳು ಎಲ್ಲಿದ್ದವು? ನನ್ನ ಪಕ್ಕದ ಆಲ್ಟೊ ನಿವೃತ್ತ ನರ್ಸ್. ಬಿಡುವಿನಲ್ಲಿ ಚಹಾ ಕುಡಿಯುತ್ತ, "ಬೆಂಕಿ ಹಚ್ಚಿದ್ದು ಯಾರು?" ಎಂದು ಕೇಳಿದರು. ಅಗ್ನಿಗೆ ಅಜೀರ್ಣವಾದದ್ದು, ಕಾಡು ತಿಂದರೆ ವಾಸಿ ಎಂದದ್ದು, ಇಂದ್ರ ಮಳೆ ಸುರಿಸಿದ್ದು ಎಲ್ಲ ಹೇಳಿದೆ. ಬಿಸ್ಕತ್ತು ಕೈಯಲ್ಲೇ ಹಿಡಿದು ಪೂರ್ತಿ ಕೇಳಿ, "ಅಜೀರ್ಣಕ್ಕೆ ಇಷ್ಟು ಖರ್ಚೇ!" ಎಂದರು. ಇದಕ್ಕಿಂತ ಚೊಕ್ಕ ವ್ಯಾಖ್ಯಾನವನ್ನು ನಾನು ಯಾವ ತಾಳಮದ್ದಲೆಯಲ್ಲೂ ಕೇಳಿಲ್ಲ.

ಹಾಡಿನಿಂದ ಯುದ್ಧ ನಿಂತೀತೆಂಬ ಭ್ರಮೆ ನಮ್ಮಲ್ಲಿ ಯಾರಿಗೂ ಇಲ್ಲ. ಹಾಲ್ ಬಾಡಿಗೆ, ವಾದ್ಯಗಾರರ ಸಂಭಾವನೆ, ಸ್ವರಪುಸ್ತಕದ ಬಾಡಿಗೆ ಕಳೆದು ಮಿಕ್ಕ ಟಿಕೆಟ್ ಹಣ ನೆರವಿಗೆ ಹೋಗುತ್ತದೆ. ಜನ ಹೊರಡುವಾಗ ಬಾಗಿಲಲ್ಲಿ ಬಕೆಟ್ ಹಿಡಿದು ನಿಲ್ಲುವುದೂ ಉಂಟು. ಆ ಕೆಲಸ ಹೆಚ್ಚಾಗಿ ಆಲ್ಟೊಗಳಿಗೇ. ಇಂಥದ್ದೊಂದು ಕಛೇರಿಯ ಪೋಸ್ಟರ್ ನಿಮ್ಮ ಕಣ್ಣಿಗೆ ಬಿದ್ದರೆ ಒಳಗೆ ಬನ್ನಿ. ಬಕೆಟ್ ಪಕ್ಕ ಈಗ ಕಾರ್ಡ್ ಮೆಷೀನೂ ಇರುತ್ತದೆ. ಚಿಲ್ಲರೆ ಇಲ್ಲವೆಂಬ ನೆಪ ನಡೆಯದು.