ಸದ್ದಿಲ್ಲದ ವಾದ್ಯ

ವಾದ್ಯವೆಂದ ಮೇಲೆ ಸದ್ದು ಮಾಡಬೇಕೆಂಬುದು ಲೋಕರೂಢಿ. ನಾನು ಕಟ್ಟಿಕೊಂಡಿರುವ ವಾದ್ಯಕ್ಕೆ ಆ ಶಕ್ತಿಯಿಲ್ಲ. ತಟ್ಟಿದರೂ ತಿರುಗಿಸಿದರೂ ಅದರಿಂದ ಹೊರಡುವುದು ಬರಿಯ ಅಂಕಿಗಳು. ಅವನ್ನು ಓದಿ ದನಿಗೊಡುವುದು ಪಕ್ಕದ ಕಂಪ್ಯೂಟರಿನ ಕೆಲಸ. ಇದರ ಹೆಸರು ಮಿಡಿ ಕಂಟ್ರೋಲರು. ಮಿಡಿ ಎಂದೊಡನೆ ನಮಗೆ ತಂತಿ ಮಿಡಿಯುವುದೂ ಉಪ್ಪಿನಕಾಯಿಯ ಮಾವಿನಮಿಡಿಯೂ ಒಟ್ಟಿಗೆ ನೆನಪಾಗುವುದು ಕನ್ನಡಿಗರ ಭಾಗ್ಯ. ನಿಜವಾಗಿ ಅದು ಬೇರೆ ಬೇರೆ ಕಂಪನಿಗಳ ವಾದ್ಯಗಳು ತಮ್ಮತಮ್ಮೊಳಗೆ ಮಾತನಾಡಿಕೊಳ್ಳಲೆಂದು ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೋ ಕಕೆಹಾಶಿ ಮೊದಲಾದವರು ಮುಂದಾಗಿ ನಿಂತು 1983ರಲ್ಲಿ ಬಳಕೆಗೆ ತಂದ ಭಾಷೆ.

ಸಿದ್ಧವಾದವು ಅಂಗಡಿಯಲ್ಲಿ ದೊರೆಯುವುದಿಲ್ಲವೆ? ಧಾರಾಳವಾಗಿ ದೊರೆಯುತ್ತವೆ. ಆದರೆ ಅವು ಯಾರಿಗಾದರೂ ಆದೀತೆಂದು ಮಾಡಿದವು. ಸಾಲುಸಾಲಾಗಿ ಒಂದೇ ಗಾತ್ರದ ಗುಂಡಿಗಳು. ವೇದಿಕೆಯ ಕತ್ತಲಲ್ಲಿ ಐದನೆಯದಾವುದು, ಆರನೆಯದಾವುದು ಎಂದು ಬಗ್ಗಿ ಹುಡುಕುತ್ತ ನಿಂತರೆ, ಈ ಮನುಷ್ಯ ನುಡಿಸುತ್ತಿದ್ದಾನೆಯೋ ಅಂಗಡಿಯ ಲೆಕ್ಕ ಬರೆಯುತ್ತಿದ್ದಾನೆಯೋ ಎಂದು ಎದುರಿಗೆ ಕುಳಿತವರಿಗೆ ಅನುಮಾನ ಬರುತ್ತದೆ. ಅನುಮಾನ ಅನ್ಯಾಯದ್ದೇನೂ ಅಲ್ಲ. ಆದ್ದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿ ಬೇಕಾದ ಸಾಮಾನು ತಂದು ಕೆಲಸಕ್ಕೆ ಕುಳಿತೆ. ಕಾಗದದ ಮೇಲೆ ಇಪ್ಪತ್ತನಾಲ್ಕು ಗುಂಡಿಗಳಿದ್ದವು. ಪೆಟ್ಟಿಗೆಗೆ ಬಂದದ್ದು ಎಂಟು. ಒಂದು ಮರದ್ದು, ಒಂದು ಗೀರುಳ್ಳದ್ದು, ಒಂದು ನುಣುಪು, ಹೀಗೆ ಬೆರಳು ತಾಕಿದರೆ ಸಾಕು, ಗುರುತು ಹತ್ತಬೇಕು.

ಒಳಗಿನ ಸಂಸಾರ ಬೇರೆಯೇ. ಗುಂಡಿಯನ್ನು ಒಂದು ಸಲ ಒತ್ತಿದರೆ ಅದರೊಳಗಿನ ಲೋಹದ ನಾಲಗೆಗಳು ಸರಿಯಾಗಿ ಕೂಡಿಕೊಳ್ಳುವ ಮೊದಲು ಕೆಲವು ಮಿಲಿಸೆಕೆಂಡು ಪುಟಿಯುತ್ತವೆ. ನಮಗೆ ಅದು ತಿಳಿಯದು. ಚಿಪ್ಪಿನ ಕಿವಿ ಬಲು ಚುರುಕು, ಒಂದೇಟು ಅದಕ್ಕೆ ನಾಲ್ಕೇಟಾಗಿ ಕೇಳಿಸುತ್ತದೆ. ಪುಟಿತ ಅಡಗಲೆಂದು ಕಾಯೋಣವೆಂದರೆ ತಾಳ ಹಿಂದೆ ಬೀಳುತ್ತದೆ. ಆದ್ದರಿಂದ, ಮೊದಲ ಸ್ಪರ್ಶಕ್ಕೇ ಅಂಕಿ ಕಳುಹಿಸಿಬಿಡು, ಆಮೇಲೆ ಐದಾರು ಮಿಲಿಸೆಕೆಂಡು ಕಿವಿ ಮುಚ್ಚಿಕೊಂಡಿರು ಎಂದು ಅದಕ್ಕೆ ಬುದ್ಧಿ ಹೇಳಿದ್ದೇನೆ.

ನನ್ನ ಸೋದರತ್ತೆ ಮೊದಲಿನಿಂದ ವೀಣೆ ನುಡಿಸಿದವರು. ಪೆಟ್ಟಿಗೆಯನ್ನು ಸುತ್ತಲೂ ನೋಡಿ, "ಇದರಲ್ಲಿ ಗಮಕ ಬರುತ್ತೇನೋ?" ಎಂದರು. ಪ್ರಶ್ನೆ ಚಿಕ್ಕದು, ನನಗೆ ಮೂರು ತಿಂಗಳು ಹಿಡಿಯಿತು. ಮಿಡಿಯ ಸಾಮಾನ್ಯ ಅಂಕಿಗಳು ಸೊನ್ನೆಯಿಂದ 127ರವರೆಗೆ ಮಾತ್ರ. ಒಂದು ಸ್ಥಾಯಿಯನ್ನು ಅಷ್ಟು ತುಂಡು ಮಾಡಿದರೆ ಜಾರು ಜಾರುವುದಿಲ್ಲ, ಮೆಟ್ಟಿಲಿಳಿಯುತ್ತದೆ. ಸ್ವರವನ್ನು ಬಾಗಿಸಲೆಂದೇ ಇರುವ ಇನ್ನೊಂದು ದಾರಿಯಲ್ಲಿ 16,384 ಹೆಜ್ಜೆಗಳಿವೆ. ನನ್ನ ಚಿಪ್ಪು ಗುರುತಿಸಬಲ್ಲದ್ದು 4,096. ಅಷ್ಟೇ ಸಾಕಾಯಿತು. ಬೆರಳು ಎಲ್ಲಿದೆಯೆಂದು ತಿಳಿಸುವ ಪಟ್ಟಿಯೊಂದನ್ನು ಪೆಟ್ಟಿಗೆಯ ಉದ್ದಕ್ಕೂ ಅಂಟಿಸಿದೆ.

ಅತ್ತೆ ಅದರ ಮೇಲೆ ಕಣ್ಣು ಮುಚ್ಚಿ ತೋಡಿಯ ಗಾಂಧಾರವನ್ನು ತೂಗಿದರು. ಎರಡು ಸಲ, ಮೂರು ಸಲ. "ಸ್ವರ ಬಂತು. ಆದರೆ ಬೆರಳಿಗೆ ಎದುರು ಯಾರೂ ಇಲ್ಲವಲ್ಲೋ" ಎಂದರು.

ಅವರು ಹೇಳಿದ್ದು ತಂತಿಯ ಮಾತು. ವೀಣೆಯ ತಂತಿಯನ್ನು ಎಳೆದರೆ ಅದು ತಿರುಗಿ ಎಳೆಯುತ್ತದೆ. ಆ ಜಗ್ಗಾಟದಲ್ಲೇ ಬೆರಳಿಗೆ ದೂರ ತಿಳಿಯುವುದು. ನನ್ನ ಪಟ್ಟಿ ಗಾಜಿನಂತೆ ಎಲ್ಲದಕ್ಕೂ ಹೂಂ ಎನ್ನುತ್ತದೆ. ಕೆಳಗೆ ತೆಳುವಾದ ರಬ್ಬರು ಹಾಸಿ, ಒತ್ತಡವನ್ನೂ ಅಳೆಯುವಂತೆ ಮಾಡಿದೆ. ಕೊಂಚ ವಾಸಿಯಾಯಿತು. ರಬ್ಬರು ದಪ್ಪವಾದರೆ ಇನ್ನೂ ವಾಸಿಯೇನೋ ಎಂಬ ಆಸೆ ಹುಟ್ಟಿತು. ಇಂಥ ಆಸೆಗೆ ಕೊನೆಯಿಲ್ಲ.

ಡಚ್ಚರ ಮಿಷೆಲ್ ವೈಸ್ವಿಸ್ 1984ರಲ್ಲಿ 'ದಿ ಹ್ಯಾಂಡ್ಸ್' ಎಂಬ, ಎರಡೂ ಕೈಗಳಿಗೆ ತೊಡುವ ಸಾಧನದೊಡನೆ ವೇದಿಕೆಯೇರಿದವನು. ಅದನ್ನು ದಿನಕ್ಕೊಂದು ಬಗೆ ತಿದ್ದಬಲ್ಲ ಚತುರರು ಅವನ ಸುತ್ತಲೇ ಇದ್ದರು. ಆದರೂ ಒಂದು ಹಂತದಲ್ಲಿ ತಿದ್ದುವುದನ್ನು ಬೇಕೆಂದೇ ನಿಲ್ಲಿಸಿ ಅಭ್ಯಾಸಕ್ಕೆ ಕುಳಿತ. ಗುಂಡಿ ದಿನವೂ ಜಾಗ ಬದಲಿಸುತ್ತಿದ್ದರೆ ಕೈ ಕಲಿಯುವುದಾದರೂ ಏನನ್ನು?

ನಾನೂ ಪೆಟ್ಟಿಗೆಯ ತಳಕ್ಕೆ ನಾಲ್ಕು ಸ್ಕ್ರೂ ಬಿಗಿದು, ಒಂದು ವರ್ಷ ಬಿಚ್ಚಬಾರದೆಂದು ಸ್ಕ್ರೂಡ್ರೈವರನ್ನು ಅತ್ತೆಯ ವಶಕ್ಕೆ ಕೊಟ್ಟಿದ್ದೇನೆ. ಎಲ್ಲಿಟ್ಟಿದ್ದೀರಿ ಎಂದು ಈಗಾಗಲೇ ಎರಡು ಸಲ ಕೇಳಿದ್ದಾಯಿತು. "ಮೊದಲು ಗಾಂಧಾರ ನುಡಿಸು, ಕೇಳೋಣ" ಎನ್ನುತ್ತಾರೆ.